ಹಳೇ ಡೈನಮೋ ದೀಪಕ್ಕೆ ಚಾರ್ಜಿಂಗ್ ಸೆಲ್ ಹಾಕಿದ್ದೀರಾ? ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಅಪ್ಪನ ಸೈಕಲ್ಲಿನ ಹೆಡ್‌ಲೈಟು ನಮ್ಮ ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಸಿಕ್ಕಿತ್ತು. ಕ್ರೋಮ್ ಬಳಿದ ಕಬ್ಬಿಣದ ಚಿಪ್ಪು, ಮೇಲೊಂದು ಸಣ್ಣ ಟೋಪಿ, ಗಾಜಿನ ತುಂಬ ಉದ್ದುದ್ದ ಗೆರೆ. ಚಕ್ರಕ್ಕೆ ಒರಗಿ ತಿರುಗುವ 6 ವೋಲ್ಟ್, 3 ವ್ಯಾಟ್ ಡೈನಮೋದಿಂದ ಅದು ಉರಿಯುತ್ತಿತ್ತು. ಏರು ಬಂದರೆ ಮಂಕು, ನಿಂತರೆ ಕತ್ತಲು. ಈಗ ಅದೇ ಚಿಪ್ಪಿನೊಳಗೆ ಒಂದು 18650 ಲಿಥಿಯಂ ಸೆಲ್ (18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ್ದು), ಒಂದು ಟಿಪಿ 4056 ಚಾರ್ಜಿಂಗ್ ಬೋರ್ಡು, 1 ವ್ಯಾಟಿನ ಎಲ್‌ಇಡಿ ಕೂತಿವೆ. ಬೆಳಿಗ್ಗೆ ಐದೂವರೆಗೆ ಡೈರಿಗೆ ಹಾಲು ಹಾಕಲು ಹೋಗುವಾಗ ದಾರಿ ತೋರಿಸುವುದು ಅದೇ.

ಕೂರಿಸಿದ್ದು ಒಂದು ಮಧ್ಯಾಹ್ನದಲ್ಲಿ. ಅದು ನೆಟ್ಟಗೆ ಉರಿಯುವಂತೆ ಮಾಡುವುದಕ್ಕೆ ಮಾತ್ರ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಒಂದೇ. ಏನೇ ಆದರೂ ಮೊದಲು ಹೊಸ ಸಾಮಾನನ್ನು ಬೈಯುತ್ತಿದ್ದೆ. ತೊಂದರೆ ಹೆಚ್ಚಿನ ಸಲ ಇದ್ದದ್ದು ಹಳೇ ಕಬ್ಬಿಣದಲ್ಲಿ. ಹಾಗಾಗಿ ಕೆಳಗೆ ಎಲ್ಲ ಕಡೆ ಉಜ್ಜುವುದು, ಬಿಗಿ ಮಾಡುವುದು ಮೊದಲು ಬರುತ್ತದೆ, ಬದಲಾಯಿಸುವುದು ಆಮೇಲೆ.

ಬೇಕಾಗುವುದು ಒಂದು ಸಾದಾ ಮಲ್ಟಿಮೀಟರ್, ಸ್ವಲ್ಪ ನಯವಾದ ಉಪ್ಪುಕಾಗದ, ಒಂದು ಗೇಣು ವೈರು. ಬೆಸುಗೆ ಹಾಕಲು ಬರದಿದ್ದರೆ ಊರಿನ ರೇಡಿಯೋ ಟಿವಿ ರಿಪೇರಿಯವರ ಹತ್ತಿರ ಹೋಗಿ. ಐದು ನಿಮಿಷದ ಕೆಲಸ.

ಮುಟ್ಟುವ ಮೊದಲು

18650 ಸೆಲ್ಲಿನ ಒಂದು ಗುಣ ಗೊತ್ತಿರಲೇಬೇಕು. ಅದರ ಬುಡ ಮಾತ್ರ ಮೈನಸ್ ಅಲ್ಲ, ಇಡೀ ಮೈ ಮೈನಸ್. ಪ್ಲಸ್ ತುದಿಯ ಸುತ್ತ ಇರುವ ಭುಜ ಕೂಡ ಮೈನಸ್ಸೇ. ನಡುವೆ ಇರುವುದು ಒಂದು ತೆಳು ಪ್ಲಾಸ್ಟಿಕ್ ಸಿಪ್ಪೆ. ಕಬ್ಬಿಣದ ಚಿಪ್ಪಿನೊಳಗೆ ಆ ಸಿಪ್ಪೆ ಹರಿದರೆ ನೇರ ಶಾರ್ಟು. ಸಿಪ್ಪೆ ಹರಿದ ಸೆಲ್ಲನ್ನು ಟೇಪು ಸುತ್ತಿ ಬಳಸಬೇಡಿ.

ಕೆಲಸ ಶುರು ಮಾಡುವ ಮುಂಚೆ ಸೆಲ್ ಹೊರಗೆ ತೆಗೆಯಿರಿ. ವೈರು ಬೆಸೆದಿದ್ದರೆ ಒಂದನ್ನು ಕತ್ತರಿಸಿ, ಅದರ ತುದಿಗೆ ಟೇಪು ಸುತ್ತಿ, ಆಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಕಟ್ಟರ್ ಬಾಯಿಗೆ ಕೊಟ್ಟರೆ ಕಟ್ಟರೇ ಶಾರ್ಟ್ ಮಾಡುತ್ತದೆ. ಕೈಬೆರಳಿನ ಉಂಗುರವನ್ನೂ ತೆಗೆದಿಡಿ.

ಸೆಲ್ ಉಬ್ಬಿದೆ, ಒಸರಿದೆ, ಸಿಹಿಸಿಹಿಯಾದ ಪೇಂಟಿನಂಥ ವಾಸನೆ ಬರುತ್ತಿದೆ, ಸುಮ್ನೆ ಇಟ್ಟರೂ ಬಿಸಿ ಇದೆ ಅಂದರೆ ಮುಂದಿನದು ಓದುವುದೇ ಬೇಡ. ಕೊನೆಯ ಭಾಗಕ್ಕೆ ಹೋಗಿ.

ದೀಪ ಹತ್ತುವುದೇ ಇಲ್ಲ

ಮೊದಲು ಚಾರ್ಜರ್ ಚುಚ್ಚಿ ಒಂದು ನಿಮಿಷ ಬಿಟ್ಟು ತೆಗೆಯಿರಿ. ಹಾಸ್ಯ ಅಲ್ಲ. ರಕ್ಷಣೆ (ಸೆಲ್ ತೀರಾ ಇಳಿದಾಗ, ಶಾರ್ಟ್ ಆದಾಗ ಕರೆಂಟು ಕಡಿಯುವ ಏರ್ಪಾಡು) ಇರುವ ಚಾರ್ಜಿಂಗ್ ಬೋರ್ಡುಗಳು ಸೆಲ್ ತೆಗೆದು ಹಾಕಿದ ಮೇಲೆ ಕೆಲವೊಮ್ಮೆ ಬಾಗಿಲು ಹಾಕಿಕೊಂಡೇ ಇರುತ್ತವೆ. ಚಾರ್ಜರ್ ಕರೆಂಟು ಬಂದ ಮೇಲೇ ತೆರೆಯುವುದು. ಹೊಸದಾಗಿ ಕೂರಿಸಿದ ದೀಪ ಹತ್ತದಿದ್ದಾಗ ಎಷ್ಟೋ ಸಲ ಇಷ್ಟೇ ಕಾರಣ.

ಆಮೇಲೆ ಸೆಲ್ ಉಲ್ಟಾ ಹಾಕಿದ್ದೀರಾ ನೋಡಿ. ಉಲ್ಟಾ ಹಾಕಿ ಬೋರ್ಡು ಬಿಸಿಯಾಗಿದ್ದರೆ ಅದರ ಆಸೆ ಬಿಡಿ. ಮೂವತ್ತು ನಲವತ್ತು ರೂಪಾಯಿಯ ಸಾಮಾನು ಅದು.

ಎಲ್‌ಇಡಿಗೂ ಪ್ಲಸ್ ಮೈನಸ್ ಇದೆ. ಹಳೇ ತಂತಿ ಬಲ್ಬಿಗೆ ಅದರ ಗೊಡವೆ ಇರಲಿಲ್ಲ. ಅಂಗಡಿಯಲ್ಲಿ ಸಿಗುವ ತಿರುಗಿಸುವ ಎಲ್‌ಇಡಿ ಬಲ್ಬುಗಳಲ್ಲಿ ಹೆಚ್ಚಿನವಕ್ಕೆ ನಡುವಿನ ಚುಕ್ಕೆ ಪ್ಲಸ್. ಅದಕ್ಕೆ ತಕ್ಕ ಹಾಗೆ ವೈರು ಬರದಿದ್ದರೆ ಹತ್ತುವುದಿಲ್ಲ. ಅದಲು ಬದಲು ಮಾಡಿ ನೋಡಿ.

ಇನ್ನೂ ಹತ್ತಲಿಲ್ಲ ಅಂದರೆ ಮೀಟರ್ ತೆಗೆಯಿರಿ. ಸೆಲ್ಲಿನ ಮೇಲೆ 3.6ರಿಂದ 4.2 ವೋಲ್ಟ್ ಇರಬೇಕು. ಬೋರ್ಡಿನ ಔಟ್ ಪ್ಲಸ್, ಔಟ್ ಮೈನಸ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಸೆಲ್ಲಿನಲ್ಲಿ ಇದ್ದು ಔಟ್‌ನಲ್ಲಿ ಇಲ್ಲ ಅಂದರೆ ಬೋರ್ಡು ಮುಚ್ಚಿದೆ, ಇಲ್ಲವೇ ಮುಂದೆಲ್ಲೋ ಶಾರ್ಟ್ ಇದೆ. ಔಟ್‌ನಲ್ಲಿ ಇದ್ದು ಎಲ್‌ಇಡಿ ಹತ್ತಿರ ಇಲ್ಲ ಅಂದರೆ ಸ್ವಿಚ್ಚು ಅಥವಾ ಚಿಪ್ಪು.

ಹತ್ತುತ್ತದೆ, ಗುಂಡಿ ಬಂದರೆ ಆರುತ್ತದೆ

ಇದು ನನ್ನ ಎರಡು ತಿಂಗಳನ್ನು ತಿಂದ ರೋಗ.

ಮನೆ ಜಗಲಿಯಲ್ಲಿ ಚೆನ್ನಾಗಿ ಉರಿಯುವುದು. ಮಣ್ಣುರಸ್ತೆಗೆ ಇಳಿದ ಕೂಡಲೇ ಮಿಟುಕು. ಒಮ್ಮೆ ಪ್ರಖರ, ಒಮ್ಮೆ ಮಿಣುಕುಹುಳ. ಮೊದಲು ಸೆಲ್ ಬದಲಿಸಿದೆ. ಆಮೇಲೆ ಬೋರ್ಡು. ಮತ್ತೊಂದು ಬೋರ್ಡು. ಸಾಗರ ಪೇಟೆಯಲ್ಲಿ ಸಿಗದೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅಳಿಯನ ಕೈಲಿ ತರಿಸಿದೆ. ಏನೂ ಉಪಯೋಗವಾಗಲಿಲ್ಲ.

ಕೊನೆಗೆ ಒಂದು ರಾತ್ರಿ ದೀಪ ಹತ್ತಿಸಿ ಮೇಜಿನ ಮೇಲಿಟ್ಟು, ಊಟದ ಚಮಚದ ಹಿಡಿಯಿಂದ ಚಿಪ್ಪನ್ನು ಅಲ್ಲಲ್ಲಿ ತಟ್ಟಿದೆ. ಟೋಪಿಗೆ ತಟ್ಟಿದರೆ ಏನಿಲ್ಲ. ಸ್ವಿಚ್ಚಿಗೆ ತಟ್ಟಿದರೆ ಏನಿಲ್ಲ. ರಿಫ್ಲೆಕ್ಟರ್ ಹಿಂದೆ ಬಲ್ಬಿನ ಹೋಲ್ಡರ್ ಕೂತಿರುವ ಜಾಗಕ್ಕೆ ತಟ್ಟಿದೆ ನೋಡಿ, ದೀಪ ಕಣ್ಣು ಹೊಡೆಯಿತು.

ಡೈನಮೋ ದೀಪಗಳಲ್ಲಿ ಒಂದೇ ವೈರು ಬರುತ್ತಿತ್ತು. ಕರೆಂಟು ವಾಪಸ್ ಹೋಗುತ್ತಿದ್ದದ್ದು ಚಿಪ್ಪು, ಬ್ರಾಕೆಟ್ಟು, ಸೈಕಲ್ ಫ್ರೇಮ್ ಮೂಲಕ. ನಾನೂ ಸುಲಭ ಅಂತ ಎಲ್‌ಇಡಿಯ ಮೈನಸ್ ವೈರನ್ನು ಹಳೇ ಹೋಲ್ಡರಿಗೇ ಬೆಸೆದಿದ್ದೆ. ಹೋಲ್ಡರು ಹಿತ್ತಾಳೆಯದು, ಚಿಪ್ಪು ಕಬ್ಬಿಣದ್ದು. ಎರಡನ್ನೂ ಹಿಡಿದಿದ್ದದ್ದು ಒಂದು ರಿವೆಟ್ಟು. ಮಲೆನಾಡಿನ ಎಷ್ಟೋ ಮಳೆಗಾಲ ನೀರು ಕುಡಿದ ಆ ರಿವೆಟ್ಟಿನ ಕೆಳಗೆ ತುಕ್ಕು ಹಪ್ಪಳದ ಹಾಗೆ ಎದ್ದಿತ್ತು. ಮೇಲಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತಿತ್ತು.

ಇದನ್ನು ಮೀಟರಿನಲ್ಲಿ ಹಿಡಿಯುವ ಬಗೆ ಹೇಳುತ್ತೇನೆ. ದೀಪ ಉರಿಯುತ್ತಿರಲಿ. ಮೀಟರ್ ಡಿಸಿ ವೋಲ್ಟಿನಲ್ಲಿ ಇರಲಿ. ಒಂದು ಮೊನೆ ಎಲ್‌ಇಡಿಯ ಮೈನಸ್‌ಗೆ, ಇನ್ನೊಂದು ಬೋರ್ಡಿನ ಔಟ್ ಮೈನಸ್‌ಗೆ. ಎರಡೂ ಒಂದೇ ಜಾಗಕ್ಕೆ ಸೇರಬೇಕಾದ ತುದಿಗಳು ತಾನೇ? ಹಾಗಾಗಿ ಸೊನ್ನೆ ಅಥವಾ ಅದರ ಹತ್ತಿರ ಇರಬೇಕು. ನನ್ನದರಲ್ಲಿ 0.7 ವೋಲ್ಟ್ ತೋರಿಸಿತು. ತಟ್ಟಿದರೆ ಕುಣಿಯುತ್ತಿತ್ತು. 3.9 ವೋಲ್ಟಿನ ಸೆಲ್ಲಿನಲ್ಲಿ 0.7ನ್ನು ತುಕ್ಕೇ ತಿಂದರೆ ಎಲ್‌ಇಡಿಗೆ ಏನು ಉಳಿಯಿತು? ಇದೇ ರೀತಿ ಪ್ಲಸ್ ದಾರಿಯಲ್ಲೂ ಒಂದೊಂದು ಜೋಡಣೆಯ ಈಚೆ ಆಚೆ ಅಳೆಯಬಹುದು. ಎಲ್ಲಿ 0.1ಕ್ಕಿಂತ ಜಾಸ್ತಿ ಬಂತೋ ಅಲ್ಲೇ ಕಳ್ಳ. ಎಲ್‌ಇಡಿಗೆ ಹೋಗುವ ಕರೆಂಟಿಗೆ ಕಡಿವಾಣ ಹಾಕಲು ನಡುವೆ ಇಟ್ಟ ರೆಸಿಸ್ಟರನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ, ಅದರ ಕೆಲಸವೇ ವೋಲ್ಟ್ ತಿನ್ನುವುದು.

ಪರಿಹಾರಕ್ಕೆ ಖರ್ಚಿಲ್ಲ. ಎಲ್‌ಇಡಿಯ ಮೈನಸ್‌ನಿಂದ ಬೋರ್ಡಿನ ಔಟ್ ಮೈನಸ್‌ಗೆ ನೇರ ಒಂದು ವೈರು ಎಳೆದುಬಿಡಿ. ಚಿಪ್ಪಿನ ಹಂಗೇ ಬೇಡ. ರಿವೆಟ್ಟನ್ನು ಉಜ್ಜಿ ಬಡಿದು ಸರಿ ಮಾಡಬಹುದು, ಆದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಮಿಟುಕಿಗೆ ಇನ್ನೆರಡು ಕಾರಣ ಇರಬಹುದು. ಒಂದು ಹಳೇ ಹಿತ್ತಾಳೆ ಸ್ವಿಚ್ಚು. ಹಸಿರು ಕಿಲುಬು ಕಂಡರೆ ಉಪ್ಪುಕಾಗದದಲ್ಲಿ ಹದವಾಗಿ ಉಜ್ಜಿ. ನಮ್ಮಮ್ಮ ಹುಣಸೆಹಣ್ಣು ಕೊಟ್ಟರು. ದೇವರ ದೀಪದ ಹಾಗೆ ಹೊಳೆಯಿತು ನಿಜ, ಆದರೆ ಹುಳಿ ಸಂದಿಯಲ್ಲಿ ಉಳಿದು ವಾರದಲ್ಲಿ ಮತ್ತೆ ಕಿಲುಬು ಬಂತು. ಹುಣಸೆ ಹಚ್ಚಿದರೆ ಚೆನ್ನಾಗಿ ತೊಳೆದು ಬಿಸಿಲಿಗಿಟ್ಟು ಪೂರ್ತಿ ಒಣಗಿಸಿ.

ಇನ್ನೊಂದು, ಸೆಲ್ ಹೋಲ್ಡರಿನ ಸ್ಪ್ರಿಂಗು. ಇದರ ಗುರುತು ಬೇರೆ. ಗುಂಡಿಗೆ ಬಿದ್ದ ಕೂಡಲೇ ಪೂರ್ತಿ ಆರುತ್ತದೆ, ಸ್ವಿಚ್ ಎಷ್ಟು ಒತ್ತಿದರೂ ಹತ್ತುವುದಿಲ್ಲ. ಮನೆಗೆ ಬಂದು ಚಾರ್ಜರ್ ಚುಚ್ಚಿದರೆ ಏನೂ ಆಗಿಲ್ಲದ ಹಾಗೆ ಉರಿಯುತ್ತದೆ. ಜಿಗಿತಕ್ಕೆ ಸೆಲ್ ಒಂದು ಕ್ಷಣ ಬಿಟ್ಟುಕೊಂಡು, ಬೋರ್ಡು ಬಾಗಿಲು ಹಾಕಿಕೊಂಡಿದೆ ಅಂತ ಅರ್ಥ. ಹೋಲ್ಡರಿನ ತುದಿಗಳನ್ನು ಸ್ವಲ್ಪ ಒಳಕ್ಕೆ ಬಗ್ಗಿಸಿ, ಸೆಲ್ಲಿನ ಸುತ್ತ ಸ್ಪಂಜು ತುರುಕಿ. ಅದಕ್ಕೂ ಬಗ್ಗದಿದ್ದರೆ ನಿಕಲ್ ಪಟ್ಟಿ ಅಂಟಿಸಿರುವ ಸೆಲ್ಲನ್ನೇ ಕೊಂಡು ಪಟ್ಟಿಗೆ ವೈರು ಬೆಸೆಯಿರಿ. ಸೆಲ್ಲಿಗೇ ನೇರ ಬೆಸುಗೆ ಹಾಕಬೇಡಿ, ಆ ಕಾವು ಒಳಗಿನದನ್ನು ಹಾಳು ಮಾಡುತ್ತದೆ.

ಬೆಳಕು ಮಂಕು

ಹಳೇ 6 ವೋಲ್ಟಿನ ಬಲ್ಬನ್ನೇ 3.7 ವೋಲ್ಟ್ ಸೆಲ್ಲಿಗೆ ಕೊಟ್ಟಿದ್ದೀರಾ? ಹಾಗಾದರೆ ಕೆಂಡದ ಹಾಗೆ ಕಾಣುವುದೇ ಸರಿ, ದೋಷ ಏನೂ ಇಲ್ಲ. ಬಲ್ಬಿನ ಹಿತ್ತಾಳೆ ಬುಡದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಭೂತಗನ್ನಡಿ ಹಿಡಿದು ಓದಿ.

ಎಲ್‌ಇಡಿ ಆಗಿದ್ದರೆ ರೆಸಿಸ್ಟರ್ ನೋಡಿ. ಬಿಳಿ ಎಲ್‌ಇಡಿಗೆ ಸುಮಾರು 3.1 ವೋಲ್ಟ್ ಬೇಕು. 1 ವ್ಯಾಟಿನದಕ್ಕೆ ಗರಿಷ್ಠ 350 ಮಿಲಿ ಆಂಪಿಯರ್. ಸೆಲ್ ತುಂಬಿದಾಗ 4.2. ಉಳಿದ 1.1 ವೋಲ್ಟನ್ನು 0.35ರಿಂದ ಭಾಗಿಸಿದರೆ 3 ಓಮ್ ಚಿಲ್ಲರೆ. ಅಂಗಡಿಯಲ್ಲಿ 3.3 ಓಮ್ ಸಿಗುತ್ತದೆ, 1 ವ್ಯಾಟಿನದೇ ತಗೊಳ್ಳಿ. 33 ಓಮ್ ಹಾಕಿಬಿಟ್ಟರೆ ಬೆಳಕು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಣ್ಣದ ಪಟ್ಟಿ ಓದುವಾಗ ಈ ತಪ್ಪು ಸುಲಭವಾಗಿ ಆಗುತ್ತದೆ. ಕಿತ್ತಳೆ, ಕಿತ್ತಳೆ, ಬಂಗಾರ ಅಂದರೆ 3.3. ಕಿತ್ತಳೆ, ಕಿತ್ತಳೆ, ಕಪ್ಪು ಅಂದರೆ 33.

ಸೆಲ್ ಇಳಿಯುತ್ತಾ ಬಂದಂತೆ ಬೆಳಕು ಮೆಲ್ಲಗೆ ಕುಗ್ಗುವುದು ಈ ಜೋಡಣೆಯ ಸ್ವಭಾವ. ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಬೆಳಕು ಸಾಕಷ್ಟಿದ್ದೂ ರಸ್ತೆ ಮೇಲೆ ಬೀಳದಿದ್ದರೆ ಎಲ್‌ಇಡಿ ಕೂತ ಜಾಗ ತಪ್ಪು. ಹಳೇ ರಿಫ್ಲೆಕ್ಟರ್ ಮಾಡಿದ್ದು ಸುತ್ತಲೂ ಬೆಳಕು ಚೆಲ್ಲುವ ತಂತಿಗೆ, ಎಲ್‌ಇಡಿ ಚೆಲ್ಲುವುದು ಮುಂದಕ್ಕೆ ಮಾತ್ರ. ಗೋಡೆಗೆ ಬೆಳಕು ಬಿಟ್ಟು ಎಲ್‌ಇಡಿಯನ್ನು ಹಿಂದೆ ಮುಂದೆ ಸರಿಸಿ ನೋಡಿ. ರಿಫ್ಲೆಕ್ಟರನ್ನು ಗಸಗಸ ಉಜ್ಜಬೇಡಿ, ಹೊಳಪಿನ ಲೇಪ ಎದ್ದು ಬರುತ್ತದೆ.

ಬಲ್ಬು ಒಮ್ಮೆ ಮಿಂಚಿ ಸತ್ತಿತು

ಎರಡು ದಪ್ಪ ಸೆಲ್ಲಿನ ಟಾರ್ಚಿಗೆ ಬರುವ 2.5 ವೋಲ್ಟಿನ ಬಲ್ಬನ್ನು ಲಿಥಿಯಂಗೆ ಕೊಟ್ಟಿರುತ್ತೀರಿ. ತುಂಬಿದ ಸೆಲ್ 4.2 ಇರುತ್ತದೆ, ಬಲ್ಬು ಎಲ್ಲಿ ತಡೆಯುತ್ತದೆ?

ತಂತಿ ಬಲ್ಬಿನ ಹಳದಿ ಬೆಳಕೇ ಬೇಕು ಅನ್ನುವವರಿಗೆ ನನ್ನ ಸಲಹೆ ಬೇರೆ. ಲಿಥಿಯಂ ಬಿಟ್ಟುಬಿಡಿ. ಚಾರ್ಜ್ ಮಾಡುವ ಪೆನ್ಸಿಲ್ ಸೆಲ್ ಒಂದಕ್ಕೆ 1.2 ವೋಲ್ಟ್. ಐದನ್ನು ಸಾಲಾಗಿ ಜೋಡಿಸಿದರೆ ಸರಿಯಾಗಿ 6. ಡೈನಮೋ ದೀಪದ 6 ವೋಲ್ಟ್, 2.4 ವ್ಯಾಟಿನ ಬಲ್ಬು 0.4 ಆಂಪಿಯರ್ ಎಳೆಯುತ್ತದೆ. 2000 ಎಂಎಎಚ್ (ಮಿಲಿ ಆಂಪಿಯರ್ ಅವರ್) ಸೆಲ್ಲಾದರೆ ಐದು ಗಂಟೆ. ಚಿಪ್ಪಿನೊಳಗೆ ಜಾಗ ಸಾಲದಿದ್ದರೆ ಕ್ಯಾರಿಯರ್ ಕೆಳಗೆ ಒಂದು ಡಬ್ಬಿಯಲ್ಲಿಡಿ. ಸೆಲ್ ತೆಗೆದು ಅದರದೇ ಚಾರ್ಜರಿನಲ್ಲಿ ಹಾಕಿದರಾಯಿತು, ರಗಳೆ ಕಡಿಮೆ.

ಚಾರ್ಜ್ ಆಗುತ್ತಿಲ್ಲ

ಕೇಬಲ್ ಬದಲಿಸಿ ನೋಡಿ, ಆಮೇಲೆ ಚಾರ್ಜರ್ ಬದಲಿಸಿ. ಟೈಪ್-ಸಿ ಬೋರ್ಡು ಆಗಿದ್ದರೆ ಇನ್ನೊಂದು ವಿಷಯ ಇದೆ. ಅಗ್ಗದ ಬೋರ್ಡುಗಳಲ್ಲಿ ಎರಡು ಸಣ್ಣ ರೆಸಿಸ್ಟರ್ ಹಾಕದೇ ಬಿಟ್ಟಿರುತ್ತಾರೆ. ಅವಿಲ್ಲದಿದ್ದರೆ ಎರಡೂ ತುದಿ ಟೈಪ್-ಸಿ ಇರುವ ಕೇಬಲಿನಲ್ಲಿ ಚಾರ್ಜರಿಗೆ ಬೋರ್ಡು ಇರುವುದೇ ಗೊತ್ತಾಗುವುದಿಲ್ಲ, ಕರೆಂಟು ಬಿಡುವುದಿಲ್ಲ. ಒಂದು ತುದಿ ಹಳೇ ಅಗಲ ಯುಎಸ್‌ಬಿ ಇರುವ ಕೇಬಲ್ ಹಾಕಿ, ತಕ್ಷಣ ಕೆಂಪು ಹತ್ತುತ್ತದೆ. ಬೋರ್ಡನ್ನು ಕಸಕ್ಕೆ ಹಾಕುವ ಮೊದಲು ಇದೊಂದನ್ನು ಮಾಡಿ.

ಬೋರ್ಡಿನ ಮೇಲಿನ ಎರಡು ಸಣ್ಣ ದೀಪಗಳ ಭಾಷೆ ಸುಲಭ. ಕೆಂಪು ಅಂದರೆ ಚಾರ್ಜ್ ಆಗುತ್ತಿದೆ. ನೀಲಿ ಅಥವಾ ಹಸಿರು ಅಂದರೆ ತುಂಬಿತು. ನೀಲಿ ಉರಿಯುತ್ತಾ ಕೆಂಪು ಪಟಪಟ ಮಿಟುಕಿದರೆ ಬೋರ್ಡಿಗೆ ಸೆಲ್ಲೇ ಕಾಣುತ್ತಿಲ್ಲ, ಹೋಲ್ಡರ್ ನೋಡಿ. ಏನೂ ಹತ್ತದಿದ್ದರೆ ಕರೆಂಟು ಬಂದೇ ಇಲ್ಲ.

ಕೆಂಪು ಹತ್ತಿದೆ, ಇಡೀ ರಾತ್ರಿಯಾದರೂ ನೀಲಿ ಬರಲಿಲ್ಲ ಅಂದರೆ ದೀಪದ ಸ್ವಿಚ್ ಹಾಕಿಯೇ ಇದೆಯಾ ನೋಡಿ. ಇಲ್ಲ ಅಂದರೆ ಸೆಲ್ ಮುದಿಯಾಗಿದೆ.

ಸೆಲ್ 2.5 ವೋಲ್ಟಿಗಿಂತ ಕೆಳಗೆ ಬಿದ್ದಿದೆ ಅಂತಿಟ್ಟುಕೊಳ್ಳಿ. ಬೋರ್ಡಿನ ರಕ್ಷಣೆ ಇದ್ದೂ ಹೇಗೆ ಬಿತ್ತು? ಇಲ್ಲೂ ಹಳೇ ಚಿಪ್ಪಿನದೇ ಕೈವಾಡ ಇರಬಹುದು. ಬೋರ್ಡಿನಲ್ಲಿ ಬಿ ಮೈನಸ್ (ಸೆಲ್ಲಿನ ಮೈನಸ್ ಸೇರುವ ಜಾಗ) ಬೇರೆ, ಔಟ್ ಮೈನಸ್ ಬೇರೆ. ಎರಡರ ನಡುವೆಯೇ ರಕ್ಷಣೆಯ ಬಾಗಿಲು ಇರುವುದು. ದೀಪದ ವಾಪಸ್ ದಾರಿ ಚಿಪ್ಪಿನ ಮೂಲಕ ಔಟ್ ಮೈನಸ್‌ಗೆ ಹೋಗುತ್ತಿದ್ದು, ಸೆಲ್ಲಿನ ಮೈನಸ್ ಕೂಡ ಅದೇ ಚಿಪ್ಪಿಗೆ ತಾಗಿದರೆ ಬಾಗಿಲಿನ ಪಕ್ಕ ಗೋಡೆ ಒಡೆದ ಹಾಗೆ. ಕಾವಲಿಗೆ ಅರ್ಥವಿಲ್ಲ. ದೀಪ ಉರಿಯುತ್ತದೆ, ಚಾರ್ಜೂ ಆಗುತ್ತದೆ, ರಕ್ಷಣೆ ಮಾತ್ರ ಇರುವುದಿಲ್ಲ. ಪತ್ತೆ ಮಾಡಲು ಸೆಲ್ ತೆಗೆದು, ಮೀಟರನ್ನು ಬೀಪ್ ಮಾಡುವ ಜಾಗಕ್ಕಿಟ್ಟು, ಹೋಲ್ಡರಿನ ಮೈನಸ್‌ಗೂ ಚಿಪ್ಪಿಗೂ ಹಿಡಿಯಿರಿ. ಕೂಗಬಾರದು.

ಹಾಗೆ ತೀರಾ ಇಳಿದು ತಿಂಗಳುಗಟ್ಟಲೆ ಬಿದ್ದಿದ್ದ ಸೆಲ್ಲನ್ನು ಬದುಕಿಸುವ ಸಾಹಸ ಬೇಡ. ಒಳಗೆ ತಾಮ್ರ ಕರಗಿ ಆಮೇಲೆ ಶಾರ್ಟ್ ಆಗುವ ಅಪಾಯ ಇದೆ. ಹೊಸದು ತನ್ನಿ.

ಬೇಗ ಖಾಲಿಯಾಗುತ್ತದೆ

ಒಳ್ಳೇ 2600 ಎಂಎಎಚ್ ಸೆಲ್, ಸರಾಸರಿ 200 ಮಿಲಿ ಆಂಪಿಯರ್ ಎಳೆತ. ಹನ್ನೆರಡು ಗಂಟೆ ಬರಬೇಕು. ಮೂರು ಗಂಟೆಗೆ ಸತ್ತರೆ ಸೆಲ್ ನಕಲಿ. ಮೇಲೆ 9900 ಎಂಎಎಚ್ ಅಂತ ಬರೆದಿದೆಯಾ? ಆ ಅಳತೆಯ ಸೆಲ್ಲಿನಲ್ಲಿ ಅಷ್ಟು ಹಿಡಿಸುವುದೇ ಇಲ್ಲ. ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ. ಅಸಲಿ 18650 ಸುಮಾರು 45 ಗ್ರಾಂ ಇರುತ್ತದೆ. ನನಗೆ ಮೊದಲು ಬಂದದ್ದು 29 ಗ್ರಾಂ. ತೂಗಿದವರು ನಕ್ಕು, “ಕೇಜಿ ಲೆಕ್ಕದಲ್ಲಿ ಕೊಂಡಿದ್ರೆ ನಿಮಗೆ ಲಾಭ ಆಗ್ತಿತ್ತು ಭಟ್ರೇ” ಅಂದರು.

6 ವೋಲ್ಟಿನ ಬಲ್ಬಿಗೆ ವೋಲ್ಟ್ ಏರಿಸುವ ಬೋರ್ಡು ಹಾಕಿದ್ದರೆ ಮಾತು ಬೇರೆ. ಅಲ್ಲಿ ಸೆಲ್ಲಿನಿಂದ ಮುಕ್ಕಾಲು ಆಂಪಿಯರ್ ಹೋಗುತ್ತದೆ, ಮೂರೂವರೆ ಗಂಟೆ ಸಿಕ್ಕರೆ ಹೆಚ್ಚು. ಆ ಬೋರ್ಡು ದೀಪ ಆರಿಸಿದರೂ ಸ್ವಲ್ಪ ಸ್ವಲ್ಪ ಕುಡಿಯುತ್ತಿರುತ್ತದೆ. ಸ್ವಿಚ್ಚು ಬೋರ್ಡಿನ ಹಿಂದೆ, ಸೆಲ್ಲಿನ ಕಡೆಗೆ ಇರಲಿ.

ಪವರ್ ಬ್ಯಾಂಕಿನ ಬೋರ್ಡು ಬಳಸಿದವರಿಗೆ ಅರ್ಧ ನಿಮಿಷಕ್ಕೇ ದೀಪ ತಾನಾಗಿ ಆರಬಹುದು. ಎಳೆತ ತೀರಾ ಕಡಿಮೆ ಇದ್ದರೆ ಫೋನ್ ತುಂಬಿತು ಅಂದುಕೊಂಡು ಅದು ನಿದ್ದೆಗೆ ಹೋಗುತ್ತದೆ. ಅದು ಕೆಟ್ಟಿಲ್ಲ, ಈ ಕೆಲಸಕ್ಕೆ ಆಗಿಬರುವುದಿಲ್ಲ ಅಷ್ಟೆ.

ಡೈನಮೋ ಜೋಡಿಸಿದ ದಿನವೇ ಬೋರ್ಡು ಸುಟ್ಟಿತು

ತುಳಿಯುತ್ತಾ ಚಾರ್ಜ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಡೈನಮೋ ಕೊಡುವುದು ಎಸಿ, ಬೋರ್ಡು ಕೇಳುವುದು 5 ವೋಲ್ಟ್ ಡಿಸಿ. ಬೋರ್ಡಿನ ಮೇಲಿನ ಐಸಿ (ಕಪ್ಪು ಎಲೆಕ್ಟ್ರಾನಿಕ್ ತುಣುಕು) ತಡೆಯುವುದು 8 ವೋಲ್ಟಿನವರೆಗೆ ಮಾತ್ರ. ಬಲ್ಬಿನ ಭಾರ ಇಲ್ಲದಾಗ ಇಳಿಜಾರಿನಲ್ಲಿ ಡೈನಮೋ ಅದನ್ನು ಎಲ್ಲೋ ದಾಟಿ ಹೋಗುತ್ತದೆ. ರೆಕ್ಟಿಫೈಯರ್, ಕೆಪಾಸಿಟರ್, ವೋಲ್ಟ್ ಕಟ್ಟುವ ಸರ್ಕ್ಯೂಟ್ ಎಲ್ಲ ಗೊತ್ತಿದ್ದವರು ಮಾಡಲಿ. ಮಿಕ್ಕವರು ಡೈನಮೋವನ್ನು ಶೋಭೆಗೆ ಬಿಟ್ಟು, ಅದರ ವೈರನ್ನು ದೀಪದಿಂದ ಪೂರ್ತಿ ಬಿಡಿಸಿ.

ಬಿಸಿ, ಉಬ್ಬು, ವಾಸನೆ: ಇಲ್ಲಿ ನಿಲ್ಲಿಸಿ

ಚಾರ್ಜ್ ಆಗುವಾಗ ಬೋರ್ಡಿನ ಆ ಕಪ್ಪು ಐಸಿ ಬೆರಳಿಡಲಾಗದಷ್ಟು ಬಿಸಿಯಾಗುವುದು ಸಹಜ. 5 ವೋಲ್ಟನ್ನು ಸೆಲ್ಲಿನ ಮಟ್ಟಕ್ಕೆ ಇಳಿಸುವಾಗ ಉಳಿದದ್ದನ್ನೆಲ್ಲ ಅದು ಶಾಖ ಮಾಡಿ ಕಳೆಯುತ್ತದೆ. ಅದಕ್ಕೇ ಗಾಜಿನ ಮುಚ್ಚಳ ತೆಗೆದಿಟ್ಟು ಚಾರ್ಜ್ ಮಾಡಿ, ಬೋರ್ಡು ಸೆಲ್ಲಿಗೆ ಅಂಟಿಕೊಂಡಿರದಂತೆ ನೋಡಿ. ಬೋರ್ಡಿನ ಮೇಲಿರುವ 1.2 ಕಿಲೋ ಓಮ್ ರೆಸಿಸ್ಟರಿನ ಜಾಗಕ್ಕೆ 2 ಕಿಲೋ ಓಮ್ ಹಾಕಿಸಿದರೆ ಚಾರ್ಜಿಂಗ್ ಕರೆಂಟು 1 ಆಂಪಿಯರಿನಿಂದ 580 ಮಿಲಿ ಆಂಪಿಯರಿಗೆ ಇಳಿದು ಶಾಖವೂ ತಗ್ಗುತ್ತದೆ.

ಸೆಲ್ ಬಿಸಿಯಾಗುವುದು ಮಾತ್ರ ಸಹಜವಲ್ಲ. ಉಗುರುಬೆಚ್ಚಗೆ ಆದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ಆದರೆ ಪ್ಲಗ್ ಕಿತ್ತು, ದೀಪವನ್ನು ಅಂಗಳಕ್ಕೆ ಒಯ್ದು, ಮಣ್ಣು ಅಥವಾ ಕಲ್ಲಿನ ಮೇಲೆ, ಹುಲ್ಲು ಸೌದೆಯಿಂದ ದೂರ ಇಡಿ. ಹೊಗೆ ಅಥವಾ ಬುಸ್ ಅನ್ನುವ ಸದ್ದು ಬರುತ್ತಿದ್ದರೆ ಕೈಯಲ್ಲಿ ಎತ್ತಲೇಬೇಡಿ. ಮನೆಯವರನ್ನೆಲ್ಲ ಹೊರಗೆ ಕರೆದುಕೊಂಡು ಬಂದು 112ಕ್ಕೆ ಫೋನ್ ಮಾಡಿ. ಆ ಹೊಗೆ ವಿಷ, ಉಸಿರಾಡಬಾರದು.

ನೀರಿಗೆ ಬಿದ್ದ ಸೆಲ್ಲನ್ನೂ ಒಣಗಿಸಿ ಮತ್ತೆ ಬಳಸಬೇಡಿ. ಚಿಪ್ಪಿನೊಳಗೆ ನೀರು ನಿಲ್ಲದಂತೆ ಅಡಿಯಲ್ಲಿ ಒಂದು ಸಣ್ಣ ತೂತು ಇರಲಿ, ಚಾರ್ಜಿಂಗ್ ಬಾಯಿ ಕೆಳಮುಖ ಇರಲಿ.

ಸತ್ತ ಸೆಲ್ಲಿನ ಎರಡೂ ತುದಿಗೆ ಟೇಪು ಹಚ್ಚಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಒಲೆಗೆ, ತಿಪ್ಪೆಗೆ ಬೇಡ. ನನ್ನ ಆ 29 ಗ್ರಾಮಿನ ನಕಲಿ ಸೆಲ್ ಈಗಲೂ ಟೇಪು ಸುತ್ತಿಕೊಂಡು ಒಂದು ತಗಡಿನ ಡಬ್ಬಿಯಲ್ಲಿ ಹೊರಗಿನ ಕಟ್ಟೆ ಮೇಲೆ ಕೂತಿದೆ. ಶಿವಮೊಗ್ಗ ಕಡೆ ಹೋಗುವವರು ಸಿಕ್ಕರೆ ಕಳಿಸಬೇಕು.